ಬಾನೆಟ್ಟಿನ ಮೇಲಿನ ಮೂರು ಗೆರೆ

ಗಾಡಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಬರಬೇಕೆಂದಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಿರಾಕಿಗೆ ಬಣ್ಣದ ಬಗ್ಗೆ ಏನೂ ಗೊತ್ತಿರುವುದಿಲ್ಲ, ತಿಳಿದುಕೊಳ್ಳುವ ಆಸೆಯೂ ಇರುವುದಿಲ್ಲ. ಅವನಿಗೆ ಬೇಕಾದದ್ದು ಹೊಳಪು. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದಾಗ ಅದರಲ್ಲಿ ತನ್ನ ಮುಖ ಕಾಣಬೇಕು, ಪಕ್ಕದ ಮನೆಯವರು ‘ಹೊಸದಾ?’ ಎಂದು ಕೇಳಬೇಕು. ಅಷ್ಟಾದರೆ ನೀವು ಒಳ್ಳೆಯ ಪೇಂಟರ್. ಕೆಳಗೆ ಪುಟ್ಟಿ ಎಷ್ಟು ದಪ್ಪ ಮೆತ್ತಿದ್ದೀರಿ, ತುಕ್ಕನ್ನು ಕೆರೆದಿರೋ ಮುಚ್ಚಿದಿರೋ ಎಂದು ಯಾರೂ ವಿಚಾರಿಸುವುದಿಲ್ಲ. ನನ್ನ ದುಡಿಮೆಯ ಆಯುಷ್ಯವೆಲ್ಲ ಇಂಥವರ ನಡುವೆಯೇ ಕಳೆಯಿತು. ಈಗ ಶ್ವಾಸಕೋಶ ಕೆಟ್ಟು, ಥಿನ್ನರ್ ವಾಸನೆ ಇರುವ ಕಡೆ ಸುಳಿಯಲೇಬೇಡಿ ಎಂದು ಡಾಕ್ಟರ್ ಹೇಳಿದ ಮೇಲೆ ಸುಂಕದಕಟ್ಟೆಯ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಿಹಿಯಾಗಿ ಬರೆಯಲು ನನಗೆ ಬರುವುದಿಲ್ಲ.

ಕೆಲಸ ಕಲಿತದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ. ಕಲಿಸಿದವರು ಖಲೀಲ್ ಉಸ್ತಾದ್. ಬೈಗುಳದಲ್ಲಿ ಅವರನ್ನು ಮೀರಿಸುವವರು ಆ ರಸ್ತೆಯಲ್ಲೇ ಇರಲಿಲ್ಲ. ಕಾರ್ಖಾನೆಯಲ್ಲಿ ಹಚ್ಚಿದ ಮೂಲ ಬಣ್ಣಕ್ಕೆ ನಮ್ಮ ಕಸುಬಿನಲ್ಲಿ ‘ಕಂಪನಿ ಬಣ್ಣ’ ಎನ್ನುತ್ತೇವೆ. ಕಾರ್ಖಾನೆಯಲ್ಲಿ ಕಾರು ಇನ್ನೂ ಬರಿ ತಗಡಾಗಿರುವಾಗ, ಗಾಜು ರಬ್ಬರು ಸೀಟು ಏನೂ ಕೂರಿಸದೆ ಇರುವಾಗ, ಇಡೀ ಮೈಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಬಣ್ಣ ಹಚ್ಚಿ, ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಆ ಬಿಸಿಯನ್ನು ನಮ್ಮ ಶೆಡ್ಡಿನಲ್ಲಿ ಕೊಡಲಾಗದು. ಕೊಟ್ಟರೆ ಡ್ಯಾಶ್‌ಬೋರ್ಡು ಕರಗಿ ಕೈಗೆ ಬರುತ್ತದೆ. ಹಾಗಾಗಿ ಕಂಪನಿ ಬಣ್ಣವನ್ನು ಒಮ್ಮೆ ತೆಗೆದರೆ ಮತ್ತೆ ತರಲು ಯಾವ ಪೇಂಟರನಿಂದಲೂ ಆಗುವುದಿಲ್ಲ.

“ಅರೆ ಚಂದ್ರಾ, ನಾವು ಮಾಡೋದು ಮೇಕಪ್ಪು. ಅದು ಚಮಡಾ,” ಎನ್ನುತ್ತಿದ್ದರು ಉಸ್ತಾದ್. ಚಮಡಾ ಅಂದರೆ ಚರ್ಮ. “ಚಮಡಾ ಕಿತ್ತು ಮೇಕಪ್ ಮಾಡೋನಿಗೆ ಏನಂತಾರೆ ಹೇಳು?”

ಹಾಗೆ ಹೇಳಿ ಅವರೇ ಸ್ಯಾಂಡ್‌ಪೇಪರ್ ತೆಗೆದುಕೊಂಡು ಯಾವುದೋ ಕಾರಿನ ಕಂಪನಿ ಬಣ್ಣ ಉಜ್ಜಲು ಕೂರುತ್ತಿದ್ದರು. ಅವರಿಗೆ ಐದು ಹೆಣ್ಣುಮಕ್ಕಳು. ಗಿರಾಕಿ ಕೇಳಿದ್ದನ್ನು ಇಲ್ಲ ಎನ್ನುವ ಸ್ಥಿತಿ ಅವರದ್ದಾಗಿರಲಿಲ್ಲ. ಮುಂದೆ ನನ್ನದೂ ಆಗಲಿಲ್ಲ.

ಆಮೇಲೆ ಮೈಸೂರು ರಸ್ತೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಸೇರಿದೆ. ಯೂನಿಫಾರ್ಮು, ಗುರುತಿನ ಚೀಟಿ, ಬಣ್ಣ ಹೊಡೆಯಲು ಎಸಿ ಬೂತು, ಎಲ್ಲ ಇತ್ತು. ನಮ್ಮ ಮೇಲಿದ್ದ ಶ್ರೀಧರ ಎಂಬಾತನಿಗೆ ಬಣ್ಣ ಗೊತ್ತಿರಲಿಲ್ಲ, ಇನ್ಶೂರೆನ್ಸ್ ಚೆನ್ನಾಗಿ ಗೊತ್ತಿತ್ತು. ಅತ್ತಿಗುಪ್ಪೆಯ ಒಬ್ಬ ಟೀಚರಮ್ಮ ಬಾಗಿಲಿನ ಮೇಲೆ ಸಣ್ಣ ಗೀರು ಬಿದ್ದಿದೆ ಎಂದು ತಮ್ಮ ಕಾರು ತಂದಿದ್ದರು. ಉಗುರು ಆಡಿಸಿದರೆ ಸಿಕ್ಕುತ್ತಿರಲಿಲ್ಲ, ಅಷ್ಟು ಮೇಲಿನ ಗೀರು. ಕೈಯಲ್ಲಿ ಸ್ವಲ್ಪ ಉಜ್ಜಿದರೆ ಹೋಗುತ್ತಿತ್ತು. ಶ್ರೀಧರ ನನ್ನನ್ನು ಪಕ್ಕಕ್ಕೆ ಕರೆದ.

“ಚಂದ್ರಣ್ಣ, ಎರಡು ಡೋರು, ಒಂದು ಫೆಂಡರ್ ಕ್ಲೇಮಿಗೆ ಹಾಕ್ತಾ ಇದೀನಿ. ಸುಮ್ನೆ ಹೊಡೀರಿ.”

“ಗೀರು ಒರೆಸಿದ್ರೆ ಹೋಗುತ್ತೆ ಸಾರ್.”

“ಒರೆಸಿದ್ರೆ ನಿಮ್ಗೂ ನಂಗೂ ಸಂಬಳ ಯಾರ್ ಕೊಡ್ತಾರೆ?”

ಹೊಡೆದೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಬಾಗಿಲಿನ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. ಟೀಚರಮ್ಮ ಬಂದು ಬೈದದ್ದು ನನಗೆ, ಶ್ರೀಧರನಿಗಲ್ಲ, ಯಾಕೆಂದರೆ ಕೈಗೆ ಬಣ್ಣ ಮೆತ್ತಿಕೊಂಡಿದ್ದವನು ನಾನು. ಈ ಕೆಲಸದಲ್ಲಿ ಬೈಗುಳ ಬರುವುದು ಹೀಗೆಯೇ. ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಮನೆಯಲ್ಲಿ ಜನ ತಾವಾಗಿಯೇ ಮಾಡಿಕೊಳ್ಳುವ ಹಾನಿಯ ಬಗ್ಗೆ ಬರೆಯುತ್ತ ಹೋದರೆ ಮುಗಿಯುವುದಿಲ್ಲ. ವಿಜಯನಗರದ ಒಬ್ಬ ಬಟ್ಟೆ ವ್ಯಾಪಾರಿ ಕಾರನ್ನು ಹೊಂಗೆಮರದ ಕೆಳಗೆ ನಿಲ್ಲಿಸುತ್ತಿದ್ದ. ಮರದಿಂದ ಬಿದ್ದ ಅಂಟು ಹೋಗಲಿಲ್ಲವೆಂದು ಅವನ ಡ್ರೈವರ್ ಪಾತ್ರೆ ತಿಕ್ಕುವ ಕಬ್ಬಿಣದ ನಾರಿನಲ್ಲಿ ಇಡೀ ಟಾಪನ್ನು ತಿಕ್ಕಿದ್ದ. “ಸಬೀನಾ ಪುಡಿ ಹಾಕಿದ್ರೂ ಹೋಗ್ಲಿಲ್ಲ ಗುರು,” ಎಂದು ನನ್ನ ಹತ್ತಿರವೇ ಹೆಮ್ಮೆಯಿಂದ ಹೇಳಿದ. ಹೋಗಿತ್ತು ಎಲ್ಲ, ಅಂಟೊಂದನ್ನು ಬಿಟ್ಟು.

ಇಂಥದ್ದರ ನಡುವೆ, ವರ್ಕ್‌ಶಾಪು ಬಿಟ್ಟು ಮಾಗಡಿ ರಸ್ತೆಯಲ್ಲಿ ನನ್ನದೇ ಸಣ್ಣ ಶೆಡ್ಡು ಹಾಕಿಕೊಂಡ ಹೊಸದರಲ್ಲಿ, ಬಸವೇಶ್ವರನಗರದ ನಿಜಗುಣಪ್ಪನವರು ತಮ್ಮ ಜಪಾನಿನ ಕಾರು ತಂದರು. ದಾವಣಗೆರೆ ಕಡೆಯವರು. ಜಾಂಬಿಯಾದಲ್ಲಿ ಬಹಳ ವರ್ಷ ಎಂಜಿನಿಯರಾಗಿದ್ದು, ವಾಪಸು ಬರುವಾಗ ಅಲ್ಲಿ ಕೊಂಡಿದ್ದ ಕಾರನ್ನೂ ಹಡಗಿನಲ್ಲಿ ತಂದಿದ್ದರು. ಬೀಟ್‌ರೂಟ್ ಬಣ್ಣದ ಉದ್ದನೆಯ ಕಾರು. ಹಿಂದಿನ ಬಾಗಿಲಿಗೆ ಯಾರೋ ಗುದ್ದಿ ನೆಗ್ಗು ಬಿದ್ದಿತ್ತು.

“ನೆಗ್ಗು ಮಾತ್ರ ಎತ್ತಿ. ಬಣ್ಣಕ್ಕೆ ಏನೂ ಮಾಡಬೇಡಿ,” ಎಂದರು.

ನಾನು ಅವರ ಮುಖ ನೋಡಿದೆ. ಅಂಥ ಮಾತನ್ನು ಒಬ್ಬ ಗಿರಾಕಿಯ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ. ಬಾಗಿಲು ತೆಗೆದು ಕೀಲಿನ ಬೋಲ್ಟು ನೋಡಿದೆ. ಅದರ ಮೇಲಿನ ಬಣ್ಣ ಬಿರುಕು ಬಿಟ್ಟಿರಲಿಲ್ಲ, ಅಂದರೆ ಸ್ಪ್ಯಾನರ್ ಮುಟ್ಟಿಯೇ ಇರಲಿಲ್ಲ. ಡಿಕ್ಕಿಯ ಮೂಲೆ, ಎಂಜಿನ್ ಬದಿ, ಬಾಗಿಲಿನ ಮಡಿಕೆ, ಎಲ್ಲ ಕಡೆಯೂ ಕಂಪನಿ ಬಣ್ಣ. ಹಳೆಯ ಕಾಲದ ಒಂದೇ ಪದರದ ಬಣ್ಣ ಅದು, ಮೇಲೆ ಈಗಿನಂತೆ ಗಾಜಿನ ಹಾಗಿರುವ ಕ್ಲಿಯರ್ ಕೋಟ್ ಇಲ್ಲ. ಉಜ್ಜಿದಷ್ಟೂ ಬಟ್ಟೆಗೆ ಹತ್ತಿಕೊಂಡು ಬರುತ್ತದೆ, ಸವೆಯುತ್ತ ಹೋಗುತ್ತದೆ. ಹೊಟ್ಟೆಪಾಡಿಗೆ ನಾನು ಎಷ್ಟೋ ಕಾರುಗಳ ಚರ್ಮ ಸುಲಿದಿದ್ದೆ. ಇದೊಂದನ್ನು ಹೀಗೇ ಉಳಿಸಬೇಕು ಅನ್ನಿಸಿತು. ಈ ಕಸುಬಿನಲ್ಲಿ ನಾನು ನನಗಾಗಿ ಆಸೆಪಟ್ಟದ್ದು ಅದೊಂದನ್ನೇ.

ಅಲ್ಲಿಂದ ಮುಂದೆ ಆ ಕಾರಿನ ಮೈ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ನೆಗ್ಗನ್ನು ಒಳಗಿನಿಂದ ಸ್ವಲ್ಪ ಸ್ವಲ್ಪವೇ ಒತ್ತಿ ಎತ್ತಿದೆ. ಕಲ್ಲು ಸಿಡಿದ ಕಡೆ ಬೆಂಕಿಕಡ್ಡಿಯ ತುದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಟ್ಟೆ. ತಿಂಗಳಿಗೊಮ್ಮೆ ಅವರ ಮನೆಗೇ ಹೋಗಿ, ಧಾರಾಳ ನೀರು ಸುರಿದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಮೇಣ ಹಚ್ಚುತ್ತಿದ್ದೆ. ಹೊಸಹಳ್ಳಿ, ವಿಜಯನಗರದ ಕಡೆ ಮೆಟ್ರೊ ಕೆಲಸ ನಡೆಯುವಾಗ ಸಿಮೆಂಟು ಧೂಳು ಬಣ್ಣದ ಮೇಲೆ ಕೂತು ಗಟ್ಟಿಯಾಗುತ್ತಿತ್ತು. ನಿಜಗುಣಪ್ಪನವರು ಆ ದಿನಗಳಲ್ಲಿ ಸುತ್ತು ಬಳಸಿ ಹೋಗುತ್ತಿದ್ದರು, ಇಲ್ಲವೇ ಆಟೊ ಹತ್ತುತ್ತಿದ್ದರು. ಮೆಟ್ರೊ, ಮರ, ಕಾಗೆ, ಬಿಸಿಲು ಎಲ್ಲವನ್ನೂ ನಾವಿಬ್ಬರೂ ಸೇರಿ ಹೇಗೋ ಸಂಭಾಳಿಸಿದೆವು. ಸಂಭಾಳಿಸಲು ಆಗದೆ ಉಳಿದದ್ದು ಆಯುಧಪೂಜೆ.

ಅವರ ಹೆಂಡತಿ ಗಿರಿಜಮ್ಮ. ಶಿವಭಕ್ತರ ಮನೆತನ, ಬೆಳಗ್ಗೆ ಪೂಜೆಯಾಗದೆ ನೀರು ಕೂಡ ಕುಡಿಯುವವರಲ್ಲ. ಆಯುಧಪೂಜೆಯ ದಿನ ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳು ಅದ್ದಿ, ಬಾನೆಟ್ಟಿನ ನಟ್ಟನಡುವೆ ಮೂರು ಪಟ್ಟೆ ಎಳೆಯುತ್ತಿದ್ದರು. ಮಾರನೆಯ ದಿನ ವಿಜಯದಶಮಿ ಮುಗಿಯುವ ತನಕ ಒರೆಸುವಂತಿಲ್ಲ. ಬೂದಿಯಲ್ಲಿ ಕ್ಷಾರದ ಗುಣವಿದೆ. ನೀರು ಕೂಡಿ ಬಿಸಿಲಲ್ಲಿ ಒಣಗಿದರೆ ಹಳೆಯ ಬಣ್ಣವನ್ನು ತಿನ್ನುತ್ತದೆ. ವರ್ಷಾವರ್ಷ ಅದೇ ಜಾಗ, ಅದೇ ಬೆರಳು. ಬಾನೆಟ್ಟಿನ ಮೇಲೆ ಮೂರು ಮಂಕು ಗೆರೆ ಮೂಡಿತು. ಬೇರೆ ಹೊತ್ತಿನಲ್ಲಿ ಕಾಣುತ್ತಿರಲಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಎದ್ದು ಕಾಣುತ್ತಿತ್ತು.

ಗಂಡ ಹೆಂಡಿರಿಗೆ ಪ್ರತಿ ವರ್ಷ ಇದೇ ಜಗಳ. ಪೂಜೆಯ ದಿನ ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರಿಂದ ಕಣ್ಣಾರೆ ನೋಡಿದ್ದೇನೆ.

“ಗಿರಿಜಾ, ಬಣ್ಣಕ್ಕೆ ಬೇಡ ಅಂತ ಎಷ್ಟು ಸಲ ಹೇಳಲಿ? ಗಾಜಿಗೆ ಹಚ್ಚು.”

“ಗಾಜಿಗೆ ಹಚ್ಚಿದ್ರ ಗಾಜಿಗಷ್ಟ ಪೂಜಿ ಆಗ್ತೈತ್ರಿ. ಗಾಡಿಗೆ ಯಾರು ಮಾಡ್ತಾರ?” ಎನ್ನುತ್ತ ಗಿರಿಜಮ್ಮ ನನ್ನ ಕಡೆ ತಿರುಗುತ್ತಿದ್ದರು. “ನೀನಾದ್ರೂ ಹೇಳಪಾ ಚಂದ್ರು. ದೇವರ ವಿಭೂತಿ ಹಚ್ಚಿದ್ರ ಕೆಡೋ ಬಣ್ಣ ಅದೆಂಥಾ ಬಣ್ಣ?”

“ಕೆಡುತ್ತೆ ಅಮ್ಮ. ಸಂಜೆ ಬಿಸಿಲಲ್ಲಿ ನೋಡಿ, ಗೆರೆ ಬಿದ್ದಿದೆ. ಒಂದ್ಸಲ ಹೋದ್ರೆ ಈ ಬಣ್ಣ ಮತ್ತೆ ಬರಲ್ಲ.”

“ನೋಡು, ನಾನು ಹೇಳಿದ್ರೆ ಕೇಳಲ್ಲ, ಅವನ ಬಾಯಲ್ಲೇ ಕೇಳು,” ಎಂದು ನಿಜಗುಣಪ್ಪನವರು ಇನ್ನೂ ಏರುತ್ತಿದ್ದರು.

ಒಂದು ವರ್ಷ ಉಪಾಯ ಮಾಡಿದೆ. ಹಬ್ಬದ ಹಿಂದಿನ ದಿನ ಬಾನೆಟ್ಟಿನ ನಡುವೆ ದಪ್ಪಗೆ ಮೇಣ ಮೆತ್ತಿದೆ, ವಿಭೂತಿ ಬಣ್ಣಕ್ಕೆ ತಾಗದಿರಲಿ ಎಂದು. ಪೂಜೆಯ ಹೊತ್ತಿಗೆ ಬೆರಳು ಜಾರಿತು, ಪಟ್ಟೆ ನಿಲ್ಲಲಿಲ್ಲ. ಗಿರಿಜಮ್ಮ ಒಂದು ಕ್ಷಣ ಅನುಮಾನದಿಂದ ನೋಡಿ, ಮುಟ್ಟಿ, ಮೂಸಿ, ಸೆರಗಿನ ತುದಿಯಲ್ಲಿ ಆ ಜಾಗವನ್ನಷ್ಟೇ ಗಸಗಸ ಉಜ್ಜಿ ಮೇಣ ತೆಗೆದು ಮತ್ತೆ ಎಳೆದರು. “ಜಿಡ್ಡಾಗಿತ್ತು ನೋಡು,” ಎಂದರು. ಸುತ್ತ ಇಡೀ ಬಾನೆಟ್ಟಿಗೆ ಮೇಣದ ರಕ್ಷಣೆ, ಆ ಮೂರು ಗೆರೆಗೆ ಮಾತ್ರ ಇಲ್ಲ.

ಅಷ್ಟರಲ್ಲಿ ಕಸುಬೇ ಬದಲಾಗಿತ್ತು. ಬಣ್ಣದ ದಪ್ಪ ಅಳೆಯುವ ಮೀಟರು ಬಂತು. ಕಾರಿನ ಮೈಗೆ ಹಿಡಿದರೆ ಇದು ಕಂಪನಿಯದೋ ಮೇಲೆ ಹೊಡೆದದ್ದೋ ಹೇಳಿಬಿಡುತ್ತದೆ. ಕಂಪನಿ ಬಣ್ಣದ ಹಳೇ ಗಾಡಿ ಎಂದರೆ ಕೊಳ್ಳುವವರು ಮುಗಿಬೀಳತೊಡಗಿದರು. ನಾನು ಗೋಗರೆದಾಗ ಕೇಳದವರೆಲ್ಲ ಈಗ ಮೊಬೈಲಿನಲ್ಲಿ ನೋಡಿ ಬಂದು ನನಗೇ ಪಾಠ ಹೇಳುತ್ತಿದ್ದರು. ಕೆಂಗೇರಿಯಲ್ಲಿ ಕಾರು ಪಾಲಿಶಿಗೆಂದೇ ದೀಪಗಳ ಸ್ಟುಡಿಯೊ ಹಾಕಿಕೊಂಡಿದ್ದ ಪ್ರಜ್ವಲ್ ಎಂಬಾತ ಒಮ್ಮೆ ನನ್ನ ಜೊತೆ ನಿಜಗುಣಪ್ಪನವರ ಮನೆಗೆ ಬಂದು ಕಾರಿಗೆಲ್ಲ ಮೀಟರು ಹಿಡಿದ. ಒಳ್ಳೆಯವನೇ, ಕೆಲಸವೂ ಬರುತ್ತಿತ್ತು.

“ಅಂಕಲ್, ಬೆಂಕಿ ಗಾಡಿ ಇದು. ಫುಲ್ ಒರಿಜಿನಲ್. ಈ ಮೂರು ಲೈನ್ ಒಂದೇ ಪ್ರಾಬ್ಲಮ್ಮು. ಮೆಷಿನಲ್ಲಿ ಉಜ್ಜಿ ಕಟ್ ಮಾಡಿದ್ರೆ ಹೋಗುತ್ತೆ, ಬಣ್ಣ ಸ್ವಲ್ಪ ತೆಳು ಆಗುತ್ತೆ ಅಷ್ಟೆ.”

ಅವನು ಹೋದ ಮೇಲೆ ನಾನು ನಿಜಗುಣಪ್ಪನವರಿಗೆ ವಿಷಯ ಹೇಳಿದೆ. ಗಿರಿಜಮ್ಮ ಒಳಗೆ ಮಿರ್ಚಿ ಕರಿಯುತ್ತಿದ್ದರು. ನಿಜಗುಣಪ್ಪನವರು ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಬೇಡ ಚಂದ್ರು. ಇರ್ಲಿ.”

“ಅಲ್ಲ ಸಾರ್, ನೀವೇ ವರ್ಷಾವರ್ಷ ಜಗಳ ಆಡ್ತೀರ.”

“ಜಗಳ ಆಡದೇ ಇದ್ರೆ ಅವಳು ಇಡೀ ಗಾಡಿಗೆ ಬಳೀತಾಳೆ ಕಣಯ್ಯ. ಜಪಾನಿನವರು ಹಚ್ಚಿದ್ದು ಒಂದು, ಇವಳು ಹಚ್ಚಿದ್ದು ಒಂದು. ನನಗೆ ಎರಡೂ ಬೇಕು. ಗಾಡಿ ತೆಗೆಯೋಕೆ ಮುಂಚೆ ಅದರ ಮೇಲೆ ಒಂದ್ಸಲ ಕೈ ಆಡಿಸ್ತೀನಿ, ಅಭ್ಯಾಸ ಆಗಿಬಿಟ್ಟಿದೆ. ಇದನ್ನ ಅವಳ ಮುಂದೆ ಹೇಳೀಯ ಮತ್ತೆ, ಮುಂದಿನ ವರ್ಷ ಬಾಗಿಲಿಗೂ ಬರುತ್ತೆ ವಿಭೂತಿ.”

ನಾನು ನಕ್ಕುಬಿಟ್ಟೆ. ಅಷ್ಟರಲ್ಲಿ ಗಿರಿಜಮ್ಮ ತಟ್ಟೆ ಹಿಡಿದು ಬಂದರು. ಅವರನ್ನು ಕಂಡದ್ದೇ ನಿಜಗುಣಪ್ಪನವರು ಮುಖ ಗಂಟಿಕ್ಕಿ, “ಎಂಥಾ ಗಾಡಿ, ಮೂರು ಗೆರೆಯಿಂದ ಕೆಟ್ಟುಹೋಯ್ತು,” ಎಂದು ಶುರುಮಾಡಿದರು.

ಹೋದ ವರ್ಷ ಮಳೆಗಾಲದಲ್ಲಿ ನಿಜಗುಣಪ್ಪನವರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಆಮೇಲೆ ನಾನೇ ಆಸ್ಪತ್ರೆ ಸೇರಿದೆ, ಶೆಡ್ಡು ಮುಚ್ಚಿದೆ, ಆ ಕಡೆ ಹೋಗಲು ಆಗಲಿಲ್ಲ. ಫೋನಿನಲ್ಲಿ ಒಂದೆರಡು ಸಲ, ಗಾಡಿ ನೆರಳಲ್ಲಿದೆಯಾ ಅಮ್ಮ ಎಂದು ಕೇಳಿದ್ದೆ. ಇದೆ ಎಂದಿದ್ದರು. ವರ್ಷದ ಪುಣ್ಯಸ್ಮರಣೆ ಮುಗಿದು ದಸರಾ ಹತ್ತಿರವಾದಾಗ ಗಿರಿಜಮ್ಮನೇ ಫೋನ್ ಮಾಡಿದರು.

“ಆಯುಧಪೂಜಿಗೆ ಬಾರಪ್ಪ ಚಂದ್ರು. ನಿನಗೊಂದು ತೋರ್ಸೋದೈತಿ.”

ಗೇಟು ದಾಟುವಾಗಲೇ ನನಗೆ ಗೊತ್ತಾಯಿತು. ಅಷ್ಟು ದೂರದಿಂದ ಆ ಕಾರು ಹಾಗೆ ಹೊಳೆಯುವುದು ಸಾಧ್ಯವಿರಲಿಲ್ಲ. ಹತ್ತಿರ ಹೋದೆ. ಇಡೀ ಮೈಗೆ ಹೊಸ ಬಣ್ಣ. ಮೂಲ ಬಣ್ಣಕ್ಕಿಂತ ಒಂದು ಪಾಲು ಹೆಚ್ಚು ಕೆಂಪು. ಕಿತ್ತಳೆ ಸಿಪ್ಪೆಯ ಹಾಗೆ ಮೇಲೆಲ್ಲ ತರಿ. ಕಿಟಕಿಯ ರಬ್ಬರನ್ನು ಬಿಚ್ಚದೆ ಟೇಪು ಅಂಟಿಸಿ ಹೊಡೆದಿದ್ದರು, ಅಂಚಿನಲ್ಲಿ ಗೆರೆ ಎದ್ದಿತ್ತು. ಕೀಲಿನ ಬೋಲ್ಟಿನ ಮೇಲೂ ಬಣ್ಣ ಹಾರಿತ್ತು. ಬಾನೆಟ್ಟು ಮಾತ್ರ ಕನ್ನಡಿಯಾಗಿತ್ತು. ಅದರಲ್ಲಿ ನನ್ನ ಮುಖ ಕಂಡಿತು.

ಸಾವಿನ ಮನೆಯಲ್ಲಿ ಬರದಿದ್ದ ಅಳು ಈಗ ಒತ್ತಿ ಬಂತು, ಅದರ ಹಿಂದೆಯೇ ಕೆಟ್ಟ ಕೋಪ.

“ಹೆಂಗೈತಿ?” ಗಿರಿಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. “ತುಮಕೂರಿನ ಅಳಿಯಂದ್ರ ಕೈಲಿ ಗ್ಯಾರೇಜಿಗೆ ಕಳಿಸಿ ಮಾಡ್ಸೀನಿ. ನಿನಗ ಹೇಳಿದ್ರ ಬ್ಯಾಡ ಅಂತಿದ್ದಿ, ಅದಕ್ಕ ಹೇಳಲಿಲ್ಲ.”

“ಯಾಕಮ್ಮ ಮಾಡಿಸಿದ್ರಿ?”

“ಆ ಮೂರು ಗೆರಿ ನೋಡಿ ನೋಡಿ ಅವ್ರು ಭಾಳ ನೊಂದ್ರು ಚಂದ್ರು. ನೀನೂ ಎಷ್ಟು ಸಲ ಹೇಳ್ದಿ, ನಾನು ಹಟ ಬಿಡಲಿಲ್ಲ. ಆಸ್ಪತ್ರಿಗೆ ಕರ್ಕೊಂಡು ಹೋದ ದಿನ, ನಿಲ್ಲಾಕ ಆಗ್ತಿರಲಿಲ್ಲ, ಆದ್ರೂ ಹೋಗ್ತಾ ಹೋಗ್ತಾ ಆ ಗೆರಿ ಮ್ಯಾಲೆ ಕೈ ಆಡ್ಸಿದ್ರು. ಏನೂ ಅನ್ನಲಿಲ್ಲ. ಅದು ನನ್ನ ಎದಿಯಾಗ ಕೂತುಬಿಡ್ತು. ಹೋಗೋವಾಗ್ಲೂ ನನ್ನ ತಪ್ಪ ನೋಡ್ಕೊಂಡು ಹೋದ್ರಲ್ಲಾಂತ. ವರ್ಷದ ಒಳಗ ಅದನ್ನ ಅಳಿಸಿಬಿಡಬೇಕು ಅನ್ಕೊಂಡಿದ್ದೆ.”

ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನನಗೆ ಆ ಹೊತ್ತಿನಲ್ಲಿ ಬಂದ ಸಿಟ್ಟೆಲ್ಲ ನಿಜಗುಣಪ್ಪನವರ ಮೇಲೆಯೇ. ಮಿರ್ಚಿ ಕರಿಯುವ ಸದ್ದಿನ ಮರೆಯಲ್ಲಿ ನನ್ನೊಡನೆ ಪಿಸುಗುಟ್ಟಿದ ಮಾತನ್ನು ಅವರು ಹೆಂಡತಿಗೆ ಹೇಳಬೇಕಿತ್ತು. ಪೇಂಟರಿಗೆ ಹೇಳಿ ಹೋದರು. ಈಗ ಅದನ್ನು ನಾನು ಏನು ಮಾಡಲಿ? ಹೇಳಿದರೆ, ಗಂಡ ಪ್ರೀತಿಯಿಂದ ಇಟ್ಟುಕೊಂಡಿದ್ದನ್ನು ತನ್ನ ಕೈಯಾರೆ ಕೆರೆಸಿ ಹಾಕಿದೆ ಎಂಬುದನ್ನು ಆಕೆ ಉಳಿದ ದಿನಗಳೆಲ್ಲ ಹೊರಬೇಕು. ಹೇಳದಿದ್ದರೆ, ಗಂಡ ನೊಂದುಕೊಂಡೇ ಹೋದರು ಎಂಬುದನ್ನು ಹೊರಬೇಕು. ಎರಡನೆಯದಕ್ಕೆ ಆಕೆ ಹೇಗೋ ಒಂದು ಪರಿಹಾರ ಮಾಡಿಕೊಂಡಿದ್ದರು. ಕೆಟ್ಟ ಬಣ್ಣದ ಪರಿಹಾರ, ಆದರೂ ಪರಿಹಾರ.

“ಚೆನ್ನಾಗಿ ಬಂದಿದೆ ಅಮ್ಮ,” ಎಂದೆ. ಜೀವಮಾನದಲ್ಲಿ ಗಿರಾಕಿಗಳಿಗೆ ಬೇಕಾದಷ್ಟು ಸುಳ್ಳು ಹೇಳಿದ್ದೆ, ಯಾವುದಕ್ಕೂ ಇಷ್ಟು ಕಷ್ಟಪಟ್ಟಿರಲಿಲ್ಲ.

ಆಕೆ ಪೂಜೆಗೆ ತಟ್ಟೆ ತಂದರು. ಚಕ್ರಕ್ಕೆ ನೀರು ಹಾಕಿ, ನಿಂಬೆಹಣ್ಣು ಇಟ್ಟು, ಸ್ಟೀರಿಂಗಿಗೆ ಹೂ ಮುಡಿಸಿದರು. ವಿಭೂತಿಯ ಬಟ್ಟಲು ಹಿಡಿದುಕೊಂಡು ಬಾನೆಟ್ಟಿನ ಮುಂದೆ ಬಂದು ನಿಂತು, ಹಾಗೆಯೇ ಹಿಂದೆ ಸರಿದರು.

“ಬ್ಯಾಡ. ಈಗಾರ ಬುದ್ಧಿ ಬಂದೈತಿ ನನಗ.”

“ಹಚ್ಚಿ ಅಮ್ಮ,” ಎಂದೆ.

“ನೀನಾ ಹೇಳೋದು?”

“ಹಚ್ಚಿ. ಈ ಬಣ್ಣಕ್ಕೆ ಏನೂ ಆಗಲ್ಲ.”

ಅದು ನಿಜ. ಈಗಿನ ಕ್ಲಿಯರ್ ಕೋಟು ಗಟ್ಟಿ, ಒಂದು ದಿನದ ಬೂದಿಯನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಿರಿಜಮ್ಮ ಅನುಮಾನಿಸುತ್ತ ಬೆರಳು ಅದ್ದಿ, ಮೊದಲಿನ ಹಾಗೆ ಒತ್ತದೆ, ಮೇಲೆ ಮೇಲೆ ಮೂರು ಪಟ್ಟೆ ಎಳೆದರು.

ಮಾರನೆಯ ದಿನ ಸಂಜೆ ಒರೆಸಲು ಹೋದೆ. ಕರೆದಿರಲಿಲ್ಲ, ಆದರೂ ಹೋದೆ. ಒದ್ದೆ ಬಟ್ಟೆ ಒಂದು ಸಲ ಆಡಿಸಿದ್ದಕ್ಕೇ ವಿಭೂತಿ ಪೂರಾ ಬಂತು. ಬಿಸಿಲು ಓರೆಯಾಗಿತ್ತು. ಬಗ್ಗಿ, ಆ ಕಡೆ ಈ ಕಡೆ ಹೋಗಿ, ಬಾನೆಟ್ಟನ್ನು ಬಹಳ ಹೊತ್ತು ನೋಡಿದೆ.

“ಗುರುತು ಉಳೀತೇನೋ?” ಬಾಗಿಲಲ್ಲಿ ನಿಂತು ಗಿರಿಜಮ್ಮ ಕೇಳಿದರು.

“ಇಲ್ಲಮ್ಮ. ಏನೂ ಉಳಿದಿಲ್ಲ.”

“ಹೌದಾ? ಅವ್ರು ಇರಬೇಕಿತ್ತು ನೋಡು, ಎಷ್ಟು ಖುಷಿ ಪಡ್ತಿದ್ರು,” ಎಂದು ಕಣ್ಣೊರೆಸಿಕೊಂಡು, ನನಗೆ ಕಾಫಿ ತರಲು ಒಳಗೆ ಹೋದರು.